ಪರೀಕ್ಷೆ ಬೇಡುವ ಕಾರಿಗೆ ಪರೀಕ್ಷಕರಿಲ್ಲ

ನಮ್ಮಲ್ಲಿ ವಾಹನ ತಪಾಸಣೆ ಎಂದೊಡನೆ ಅದನ್ನು ತಪ್ಪಿಸಿಕೊಳ್ಳುವ ಉಪಾಯಗಳೇ ನೆನಪಿಗೆ ಬರುತ್ತವೆ. ವಾಹನವನ್ನು ಕೇಂದ್ರಕ್ಕೆ ಒಯ್ಯದೆಯೇ ಹೊಗೆ ತಪಾಸಣೆಯ ಚೀಟಿ ತರಿಸಿಕೊಳ್ಳುವವರು, ಕರ್ಕಶ ಸೈಲೆನ್ಸರನ್ನು ತಪಾಸಣೆಯ ದಿನ ಮಾತ್ರ ಕಳಚಿಟ್ಟು ಮರುದಿನ ಮತ್ತೆ ಜೋಡಿಸಿಕೊಳ್ಳುವವರು ಎಲ್ಲ ಊರುಗಳಲ್ಲೂ ಇದ್ದಾರೆ. ಆದ್ದರಿಂದ, ‘ನಮ್ಮ ವಾಹನವನ್ನು ದಯವಿಟ್ಟು ಪರೀಕ್ಷಿಸಿ, ದೋಷಗಳಿದ್ದರೆ ಬರೆದುಕೊಡಿ, ತಿದ್ದಿಕೊಂಡು ಮತ್ತೆ ಬರುತ್ತೇವೆ’ ಎಂದು ಕೇಳುವವರೂ ಇದ್ದಾರೆ ಎಂದರೆ ಓದುಗರು ನಂಬಲಿಕ್ಕಿಲ್ಲ. ಅಂಥ ಮೂವರು ಯುವಕರು ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳಲ್ಲಿದ್ದಾರೆ. ತಾವೇ ವಿನ್ಯಾಸ ಮಾಡಿದ ಟರ್ಬೊ ಎಂಜಿನ್ನಿನ ಒಂದು ಕ್ರೀಡಾ ಕಾರನ್ನು ಅವರು ಕಟ್ಟಿ ನಿಲ್ಲಿಸಿದ್ದಾರೆ. ಆದರೆ ಒಬ್ಬ ವ್ಯಕ್ತಿ ಕಟ್ಟಿದ ಒಂದೇ ಒಂದು ವಾಹನವನ್ನು ಅದಕ್ಕೆ ತಕ್ಕ ಪ್ರಮಾಣದಲ್ಲಿ ಪರೀಕ್ಷಿಸಿ, ಆಗಬಹುದು ಅಥವಾ ಆಗದು ಎಂದು ಹೇಳುವ ವ್ಯವಸ್ಥೆ ನಮ್ಮ ಕಾನೂನಿನಲ್ಲಿ ಇಲ್ಲ. ಈ ಕೊರತೆ ಮೂವರು ಹುಡುಗರ ಹವ್ಯಾಸಕ್ಕೆ ಸಂಬಂಧಿಸಿದ ಸಣ್ಣ ಸಂಗತಿಯಲ್ಲ ಎಂಬುದು ನನ್ನ ವಾದ.

ಮೊದಲೇ ಒಂದು ಮಾತು ಹೇಳಿಬಿಡಬೇಕು. ಆ ಮೂವರಲ್ಲಿ ಒಬ್ಬ ನನ್ನ ಅಕ್ಕನ ಮಗ. ಆದ್ದರಿಂದ ನಾನು ತಟಸ್ಥನೆಂದು ಹೇಳಿಕೊಳ್ಳಲಾರೆ. ಆದರೆ ಬೆಂಗಳೂರಿನ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಯಂತ್ರಭಾಗಗಳ ಗುಣಮಟ್ಟ ಪರೀಕ್ಷಿಸುವ ಕೆಲಸದಲ್ಲಿ ಮೂರು ದಶಕ ಕಳೆದವನಾದ್ದರಿಂದ, ಅಳತೆ ತಪ್ಪಿದ ವಸ್ತುವನ್ನು ಪ್ರೀತಿಯ ಕಾರಣಕ್ಕೆ ಒಪ್ಪಿಕೊಳ್ಳುವ ಅಭ್ಯಾಸ ನನಗಿಲ್ಲ. ಕಳೆದ ಎರಡು ವರ್ಷಗಳಲ್ಲಿ ಅವರ ಕೆಲಸವನ್ನು ನಾನು ಹಲವು ಬಾರಿ ಹತ್ತಿರದಿಂದ ನೋಡಿದ್ದೇನೆ. ಒಪ್ಪಿದ್ದಕ್ಕಿಂತ ಆಕ್ಷೇಪಿಸಿದ್ದೇ ಹೆಚ್ಚು.

ಆ ಕಾರು ಹೇಗಿದೆ ಎಂಬುದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಎರಡೇ ಆಸನ. ಅಪಘಾತದಲ್ಲಿ ಹಿಂಭಾಗ ಜಜ್ಜಿಹೋಗಿದ್ದ ಒಂದು ಸಣ್ಣ ಕಾರನ್ನು ಕೊಂಡು, ಅದರ ಮುಂದಿನ ಚಕ್ರಗಳನ್ನು ತಿರುಗಿಸುತ್ತಿದ್ದ 1.2 ಲೀಟರ್ ಪೆಟ್ರೋಲ್ ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ಇಡಿಯಾಗಿ ಎತ್ತಿ ಹೊಸ ಕಾರಿನ ಆಸನಗಳ ಹಿಂದೆ ಕೂರಿಸಿದ್ದಾರೆ. ಚಾಸಿ ಪೂರ್ತಿ ಉಕ್ಕಿನ ಕೊಳವೆಗಳದ್ದು. ಅದರ ವೆಲ್ಡಿಂಗ್ ನಡೆದದ್ದು ಸಾಗರದ ಒಂದು ವರ್ಕ್‌ಶಾಪಿನಲ್ಲಿ. ಲೇತ್ ಕೆಲಸ ತೀರ್ಥಹಳ್ಳಿಯಲ್ಲಿ, ಅಡಿಕೆ ಸುಲಿಯುವ ಯಂತ್ರಗಳಿಗೆ ಬಿಡಿಭಾಗ ಮಾಡಿಕೊಡುವ ಅಂಗಡಿಯಲ್ಲಿ. ಜೋಡಣೆ ಹೊಸನಗರ ತಾಲ್ಲೂಕಿನ ಒಂದು ಮನೆಯ ಕೊಟ್ಟಿಗೆಯಲ್ಲಿ. ಕಾರಿನ ತೂಕ ನಾಲ್ಕು ಚಕ್ರಗಳ ಮೇಲೆ ಹೇಗೆ ಹಂಚಿಹೋಗಿದೆ ಎಂದು ತಿಳಿಯಲು ದೊಡ್ಡ ಕಂಪನಿಗಳಲ್ಲಿ ವಿಶೇಷ ಉಪಕರಣಗಳಿರುತ್ತವೆ. ಇವರು ಅಡಿಕೆ ಮೂಟೆ ತೂಗುವ ನಾಲ್ಕು ಎಲೆಕ್ಟ್ರಾನಿಕ್ ತಕ್ಕಡಿಗಳನ್ನು ನೆಂಟರಿಷ್ಟರಿಂದ ತಂದು, ಒಂದೊಂದು ಚಕ್ರದ ಕೆಳಗೆ ಒಂದೊಂದನ್ನು ಇಟ್ಟು ಲೆಕ್ಕ ತೆಗೆದರು. ಒಟ್ಟು ತೂಕ ಆರುನೂರು ಕಿಲೋ ದಾಟಲಿಲ್ಲ.

ಟರ್ಬೊ ಎಂಬುದು ಈಗ ಜಾಹೀರಾತುಗಳ ಪದವಾಗಿದೆ. ಅದರ ತತ್ವ ಮಾತ್ರ ಬಹಳ ಹಳೆಯದು. ಸ್ವಿಟ್ಜರ್‌ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ ಇದಕ್ಕೆ ಪೇಟೆಂಟ್ ಪಡೆದದ್ದು 1905ರಲ್ಲಿ. ಎಂಜಿನ್ನಿನಲ್ಲಿ ಉರಿದ ಇಂಧನದ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಬಿಸಿ ಹೊಗೆಯಾಗಿ ಸೈಲೆನ್ಸರಿನ ಮೂಲಕ ಹೊರಟುಹೋಗುತ್ತದೆ. ಆ ಹೊಗೆಯ ದಾರಿಯಲ್ಲಿ ಅಂಗೈಯಗಲದ ಚಕ್ರವೊಂದನ್ನು ಇಟ್ಟರೆ ಅದು ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಹೆಚ್ಚು ಗಾಳಿ, ಅದಕ್ಕೆ ತಕ್ಕ ಹೆಚ್ಚು ಇಂಧನ, ಹೆಚ್ಚು ಬಲ. ಮಲೆನಾಡಿನವರಿಗೆ ಇದು ಅಪರಿಚಿತ ವಿಷಯವಲ್ಲ. ಪಶ್ಚಿಮಘಟ್ಟದ ಎಷ್ಟೋ ಒಂಟಿಮನೆಗಳಲ್ಲಿ ಗುಡ್ಡದಿಂದ ಇಳಿದು ಸುಮ್ಮನೆ ಹರಿದುಹೋಗುತ್ತಿದ್ದ ನೀರಿಗೆ ಕೊಳವೆ ಹಾಕಿ, ಕಿರು ಟರ್ಬೈನು ತಿರುಗಿಸಿ ದೀಪ ಉರಿಸಿಕೊಂಡಿದ್ದಾರೆ. ವ್ಯರ್ಥವಾಗುವ ಹರಿವಿನಿಂದ ಕೆಲಸ ತೆಗೆಯುವುದು ಎರಡರಲ್ಲೂ ಇರುವ ಒಂದೇ ಬುದ್ಧಿ.

ಆದರೆ ನೀರಿನ ಟರ್ಬೈನು ಕ್ಷಮಿಸುವಷ್ಟು ಹೊಗೆಯ ಟರ್ಬೈನು ಕ್ಷಮಿಸುವುದಿಲ್ಲ. ಒತ್ತಿದ ಗಾಳಿ ಬಿಸಿಯಾಗುತ್ತದೆ. ಅದನ್ನು ತಣಿಸದೆ ಒಳಗೆ ಬಿಟ್ಟರೆ ಪೆಟ್ರೋಲು ಕಿಡಿ ಹಾರುವ ಮೊದಲೇ ಅಲ್ಲಲ್ಲಿ ಸಿಡಿದು ಪಿಸ್ಟನ್ನು ತೂತಾಗಬಹುದು. ತಿರುಗುವ ದಂಡಕ್ಕೆ ಎಂಜಿನ್ ಎಣ್ಣೆ ಸತತವಾಗಿ ಹರಿಯಬೇಕು, ಹರಿದ ಎಣ್ಣೆ ಎಲ್ಲೂ ನಿಲ್ಲದೆ ಕೆಳಗಿಳಿಯಬೇಕು. ಇಷ್ಟೆಲ್ಲ ತಿಳಿದುಕೊಂಡೇ ಈ ಯುವಕರು ಗಾಳಿಯ ಒತ್ತಡವನ್ನು ತೀರ ಮಿತವಾಗಿ ಇಟ್ಟುಕೊಂಡಿದ್ದರು. ವೇಗದ ದಾಖಲೆ ಮುರಿಯುವುದು ಅವರ ಗುರಿಯಾಗಿರಲಿಲ್ಲ. ತಾವು ಕಾಗದದ ಮೇಲೆ ಹಾಕಿದ ಲೆಕ್ಕ ನೆಲದ ಮೇಲೆ ನಿಲ್ಲುತ್ತದೆಯೇ ಎಂದು ನೋಡುವುದಾಗಿತ್ತು.

ಅದನ್ನು ನೋಡುವುದೆಲ್ಲಿ? ಸಾರ್ವಜನಿಕ ರಸ್ತೆಯಲ್ಲಿ ನೋಂದಣಿಯಿಲ್ಲದ ವಾಹನ ಓಡಿಸುವುದು ಅಪರಾಧ. ಅದು ಅಪರಾಧವಾಗಿಯೇ ಇರಬೇಕು. ಕೊನೆಗೆ ಪರಿಚಿತರೊಬ್ಬರ ಎಸ್ಟೇಟಿನೊಳಗಿನ ಸುಮಾರು ನಾನ್ನೂರು ಮೀಟರ್ ಉದ್ದದ ಖಾಸಗಿ ರಸ್ತೆ ಸಿಕ್ಕಿತು. ಗೇಟು ಹಾಕಿಸಿ, ಕೆಲಸದವರು ಯಾರೂ ಆ ಕಡೆ ಸುಳಿಯದಂತೆ ಹೇಳಿ, ಬೆಂಕಿ ಆರಿಸುವ ಸಿಲಿಂಡರ್ ಇಟ್ಟುಕೊಂಡು, ಹೆಲ್ಮೆಟ್ ತೊಟ್ಟು ಎರಡು ದಿನ ಓಡಿಸಿದರು. ನಾನೂ ಎರಡು ಸಲ ಓಡಿಸಿದೆ. ಎಂಜಿನ್ ಮೂರು ಸಾವಿರ ಸುತ್ತು ದಾಟುವವರೆಗೆ ಅದೊಂದು ಸಾಧು ಪ್ರಾಣಿ. ಅಲ್ಲಿಂದ ಮುಂದೆ ಬೆನ್ನಿಗೆ ಯಾರೋ ಕೈಯಿಟ್ಟು ನೂಕಿದಂತೆ ಮುನ್ನುಗ್ಗುತ್ತದೆ. ನಾನ್ನೂರು ಮೀಟರ್ ಮುಗಿಯುವುದು ಗೊತ್ತೇ ಆಗುವುದಿಲ್ಲ.

ಆ ಎರಡು ದಿನಗಳಲ್ಲಿ ಎರಡು ದೋಷಗಳು ಹೊರಬಿದ್ದವು. ಮೊದಲನೆಯದು, ಜೋರಾಗಿ ಬ್ರೇಕ್ ಒತ್ತಿದಾಗ ಮುಂದಿನ ಚಕ್ರಗಳಿಗಿಂತ ಮೊದಲು ಹಿಂದಿನ ಚಕ್ರಗಳು ಹಿಡಿದುಕೊಳ್ಳುತ್ತಿದ್ದವು. ಹಾಗಾದರೆ ಕಾರು ಬುಗುರಿಯಂತೆ ತಿರುಗಿಬಿಡುತ್ತದೆ. ಎಸ್ಟೇಟಿನ ರಸ್ತೆಯಲ್ಲಿ ಅದು ಅರ್ಧ ಸುತ್ತು ತಿರುಗಿ ಹುಲ್ಲಿನ ಮೇಲೆ ನಿಂತಿತು. ಘಾಟಿಯಲ್ಲಾಗಿದ್ದರೆ ನಿಲ್ಲುತ್ತಿದ್ದುದು ಕಣಿವೆಯಲ್ಲಿ. ಎರಡನೆಯದು, ಟರ್ಬೊದಿಂದ ಎಣ್ಣೆ ಮರಳುವ ಕೊಳವೆಯ ಜೋಡಣೆಯಲ್ಲಿ ಜಿನುಗು ಕಾಣಿಸಿತು. ಅದರ ಕೆಳಗೇ ಕೆಂಪಗೆ ಕಾಯುವ ಹೊಗೆಕೊಳವೆ ಇತ್ತು. ಬ್ರೇಕಿನ ಒತ್ತಡದ ಹಂಚಿಕೆಯನ್ನು ಬದಲಿಸಿದರು, ಎಣ್ಣೆಯ ಕೊಳವೆಯನ್ನು ಬೇರೆ ದಾರಿಯಲ್ಲಿ ಒಯ್ದು ನಡುವೆ ಶಾಖ ತಡೆಯುವ ತಗಡು ಕೂರಿಸಿದರು. ಎರಡೂ ಸರಿಹೋದವು.

ಆದರೆ ಉಳಿದ ಪ್ರಶ್ನೆಗಳು ಆ ಎಸ್ಟೇಟಿನಲ್ಲಿ ತೀರುವಂಥವಲ್ಲ. ವೆಲ್ಡಿಂಗ್ ಒಳಗಿನಿಂದ ಗಟ್ಟಿಯಿದೆಯೇ? ಸೀಟ್ ಬೆಲ್ಟಿನ ಕೊಂಡಿಗಳು ಡಿಕ್ಕಿಯ ಸೆಳೆತವನ್ನು ತಡೆಯುತ್ತವೆಯೇ? ಎದುರಿನಿಂದ ಪೆಟ್ಟು ಬಿದ್ದರೆ ಸ್ಟಿಯರಿಂಗ್ ದಂಡ ಚಾಲಕನ ಎದೆಗೆ ನುಗ್ಗುತ್ತದೆಯೇ? ಹೊಗೆಯಲ್ಲಿ ಏನೇನಿದೆ? ಇವನ್ನು ಕಟ್ಟಿದವನೇ ಪರೀಕ್ಷಿಸಿ ಪ್ರಮಾಣಪತ್ರ ಕೊಟ್ಟುಕೊಳ್ಳುವಂತಿಲ್ಲ. ತನ್ನ ಕೆಲಸದ ದೋಷ ತನಗೆ ಕಾಣುವುದಿಲ್ಲ ಎಂಬ ಕಾರಣಕ್ಕೇ ನನ್ನಂಥವರಿಗೆ ಮೂವತ್ತು ವರ್ಷ ಸಂಬಳ ಸಿಕ್ಕಿದ್ದು. ಹೊರಗಿನ, ತಿಳಿವಳಿಕೆಯುಳ್ಳ, ಮುಲಾಜಿಲ್ಲದ ಪರೀಕ್ಷಕನೊಬ್ಬ ಬೇಕು. ಅವನು ಎಲ್ಲಿದ್ದಾನೆ ಎಂದು ಹುಡುಕಿಕೊಂಡು ಹೋದಾಗಲೇ ಕಾನೂನಿನ ಗೋಡೆ ಎದುರಾಗುವುದು.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 126ನೇ ನಿಯಮದಂತೆ, ವಾಹನ ತಯಾರಕರು ತಮ್ಮ ಮಾದರಿಯನ್ನು ಪುಣೆಯ ಎ.ಆರ್.ಎ.ಐ., ಮಾನೇಸರದ ಐಕ್ಯಾಟ್ ಮುಂತಾದ ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ ಪರೀಕ್ಷೆಗೆ ಒಡ್ಡಬೇಕು. ಈ ವ್ಯವಸ್ಥೆಯ ಕಲ್ಪನೆಯಲ್ಲಿರುವುದು ಒಂದೇ ಅಚ್ಚಿನ ಸಾವಿರಾರು ಕಾರುಗಳನ್ನು ಹೊರತರುವ ಕಂಪನಿ. ಕಾರುಗಳ ಹೊಸ ಮಾದರಿಗಳಿಗೆ 2017ರ ಅಕ್ಟೋಬರ್‌ನಿಂದ ಘರ್ಷಣೆ ಪರೀಕ್ಷೆಯೂ ಕಡ್ಡಾಯವಾಗಿದೆ. ಎದುರಿನ ಡಿಕ್ಕಿಯ ಪರೀಕ್ಷೆಯಲ್ಲಿ ಗಂಟೆಗೆ 56 ಕಿಲೋಮೀಟರ್ ವೇಗದಲ್ಲಿ ಕಾರನ್ನು ತಡೆಗೋಡೆಗೆ ಗುದ್ದಿಸುತ್ತಾರೆ. ಲಕ್ಷ ಕಾರು ಮಾರುವವರಿಗೆ ಕೆಲವು ಕಾರುಗಳನ್ನು ಪುಡಿಮಾಡುವುದು ನ್ಯಾಯವಾದ ಖರ್ಚು. ಒಂದೇ ಕಾರು ಕಟ್ಟಿದವನು ಅದು ಭದ್ರವಾಗಿತ್ತೆಂದು ಸಾಬೀತು ಮಾಡುವುದು ಅದನ್ನು ಕಳೆದುಕೊಂಡ ಮೇಲೆಯೇ. ಪರೀಕ್ಷಾರ್ಥ ಓಡಾಟಕ್ಕೆ ನೆರವಾಗುವ ವ್ಯಾಪಾರ ಪ್ರಮಾಣಪತ್ರವೂ ತಯಾರಕರು, ವಿತರಕರಂಥವರಿಗೆ ಸಿಗುವ ಸೌಲಭ್ಯ. ಮನೆಯಲ್ಲಿ ಕಟ್ಟಿದವನಿಗಲ್ಲ.

ಹಾಗಾದರೆ ಹಳೆಯ ಕಾರಿನ ನೋಂದಣಿಯ ಮೇಲೆಯೇ ಓಡಿಸಬಹುದೇ? ಅದೂ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, 2000ದ ತಿದ್ದುಪಡಿಯ ನಂತರ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಹೀಗೆ ಹೊಸದೆಂದರೂ ಬಾಗಿಲಿಲ್ಲ, ಹಳೆಯದೆಂದರೂ ಬಾಗಿಲಿಲ್ಲ.

ಕಾನೂನಿನ ಈ ಬಿಗಿಯನ್ನು ನಾನು ಹಳಿಯುವುದಿಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿಯೇ ಹೇಳಿದೆ. ಅಷ್ಟು ಜೀವಗಳು ಹೋಗುವ ರಸ್ತೆಗೆ ಯಾರೋ ಕೊಟ್ಟಿಗೆಯಲ್ಲಿ ಬೆಸೆದ ಬಂಡಿಯನ್ನು ನಂಬಿಕೆಯ ಮೇಲೆ ಬಿಡಲಾಗದು. ನನ್ನ ತಕರಾರು ಪರೀಕ್ಷೆ ಕಠಿಣವಾಗಿದೆ ಎಂಬುದಲ್ಲ. ಒಂದು ಬಗೆಯ ವಾಹನಕ್ಕೆ ತಕ್ಕ ಪರೀಕ್ಷೆಯೇ ಇಲ್ಲ ಎಂಬುದು.

ನಮ್ಮ ಕಾನೂನು ಹೊಸ ಬಾಗಿಲುಗಳನ್ನು ತೆರೆಯಲಾರದ್ದೇನೂ ಅಲ್ಲ. ದೆಹಲಿಯ ಬೀದಿಗಳಲ್ಲಿ ಇ-ರಿಕ್ಷಾಗಳು ಯಾವ ವರ್ಗಕ್ಕೂ ಸೇರದೆ ಓಡುತ್ತಿದ್ದವು. 2014ರಲ್ಲಿ ಹೈಕೋರ್ಟ್ ತಡೆದಾಗ ಅವುಗಳಿಗಾಗಿ ನಿಯಮಗಳೇ ಬಂದವು. 2018ರಲ್ಲಿ ಖಾಸಗಿ ಬಳಕೆಯ ಕ್ವಾಡ್ರಿಸೈಕಲ್ ಎಂಬ ವರ್ಗವನ್ನು ಅಧಿಸೂಚಿಸಲಾಯಿತು. 2021ರಲ್ಲಿ ಐವತ್ತು ವರ್ಷ ದಾಟಿದ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ಸರಣಿಯನ್ನೇ ಕೊಡಲಾಯಿತು. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ವಿದೇಶದಲ್ಲಿ ಅಲ್ಲಿನ ಮಾನದಂಡದಂತೆ ಪರೀಕ್ಷೆಗೊಂಡ ಕಾರುಗಳನ್ನು ತಯಾರಕರು ವರ್ಷಕ್ಕೆ 2,500ರವರೆಗೆ ಇಲ್ಲಿ ಮತ್ತೆ ಮಾದರಿ ಪರೀಕ್ಷೆಗೆ ಒಡ್ಡದೆ ಆಮದು ಮಾಡಿಕೊಳ್ಳಬಹುದೆಂದು 2018ರಲ್ಲಿ ಅವಕಾಶ ನೀಡಲಾಯಿತು. ಪರದೇಶದ ಎರಡೂವರೆ ಸಾವಿರ ಕಾರುಗಳಿಗೆ ದಾರಿ ಹುಡುಕಿದ ಜಾಣ್ಮೆ, ಸಾಗರದ ಒಂದು ಕಾರಿನ ಮುಂದೆ ಏಕೆ ಕೈಚೆಲ್ಲಬೇಕು?

ರಸ್ತೆಗಿಂತ ಆಕಾಶವೇ ಹೆಚ್ಚು ಉದಾರವಾಗಿದೆ ಎಂದರೆ ಅಚ್ಚರಿಯಾದೀತು. ಮುಂಬಯಿಯ ಪೈಲಟ್ ಅಮೋಲ್ ಯಾದವ್ ತಮ್ಮ ಮನೆಯ ತಾರಸಿಯ ಮೇಲೆ ಆರು ಆಸನಗಳ ವಿಮಾನ ಕಟ್ಟಿದರು. ಅವರು ವರ್ಷಗಟ್ಟಲೆ ಕಚೇರಿಗಳಿಗೆ ಅಲೆದದ್ದು ನಿಜ. ಆದರೂ 2017ರಲ್ಲಿ ಆ ವಿಮಾನಕ್ಕೆ ನೋಂದಣಿ ದೊರೆಯಿತು, 2019ರಲ್ಲಿ ಪರೀಕ್ಷಾರ್ಥ ಹಾರಾಟಕ್ಕೆ ಪರವಾನಗಿ ಸಿಕ್ಕಿತು. ವಿಮಾನಯಾನದ ನಿಯಮಗಳಲ್ಲಿ ಪ್ರಾಯೋಗಿಕ ವಿಮಾನ ಎಂಬ ಕಲ್ಪನೆ ಇದ್ದುದರಿಂದ ಇದು ಸಾಧ್ಯವಾಯಿತು. ಮನೆಯಲ್ಲಿ ಕಟ್ಟಿದ ವಿಮಾನವನ್ನು ಪರೀಕ್ಷಿಸಬಲ್ಲ ದೇಶ ಮನೆಯಲ್ಲಿ ಕಟ್ಟಿದ ಕಾರನ್ನು ಪರೀಕ್ಷಿಸಲಾರದೇ?

ಬ್ರಿಟನ್ ಈ ಸಮಸ್ಯೆಯನ್ನು ಎಂದೋ ಬಗೆಹರಿಸಿಕೊಂಡಿದೆ. ಅಲ್ಲಿ 1998ರಲ್ಲಿ ಒಂಟಿ ವಾಹನಗಳ ಅನುಮೋದನೆಯ ಪದ್ಧತಿ ಬಂತು. 2009ರಲ್ಲಿ ಅದು ಇನ್ನಷ್ಟು ಬಿಗಿಯಾಗಿ ಹೊಸ ರೂಪ ಪಡೆಯಿತು. ಹವ್ಯಾಸಿಯೊಬ್ಬ ತಾನು ಕಟ್ಟಿದ ಕಾರನ್ನು ಸರ್ಕಾರಿ ಪರೀಕ್ಷಾ ಕೇಂದ್ರಕ್ಕೆ ಒಯ್ಯುತ್ತಾನೆ. ಪರೀಕ್ಷಕ ಬ್ರೇಕು, ಸ್ಟಿಯರಿಂಗು, ಸೀಟ್ ಬೆಲ್ಟಿನ ಕೊಂಡಿ, ದೀಪ, ಕನ್ನಡಿ, ಹೊಗೆ, ಸದ್ದು, ವೇಗಮಾಪಕ, ಪಾದಚಾರಿಯನ್ನು ಗೀರಬಹುದಾದ ಚೂಪು ಅಂಚುಗಳು ಎಲ್ಲವನ್ನೂ ನೋಡುತ್ತಾನೆ. ನಪಾಸಾದರೆ ದೋಷಗಳ ಪಟ್ಟಿ ಕೈಗೆ ಬರುತ್ತದೆ. ತಿದ್ದಿಕೊಂಡು ಮತ್ತೆ ಹೋಗಬಹುದು. ಹಳೆಯ ಕಾರಿಗೆ ತಗಡು ಬಡಿದು ಹೊಸದು ಕಟ್ಟುವ ಪರಂಪರೆಯಿಂದಲೇ ಆ ದೇಶಕ್ಕೆ ಕಾಲಿನ್ ಚಾಪ್‌ಮನ್ ದೊರೆತ. 1948ರಲ್ಲಿ ಆತ ಒಂದು ಹಳೆಯ ಆಸ್ಟಿನ್ ಸೆವೆನ್ ಕಾರಿನ ಮೇಲೆ ಕಟ್ಟಿದ ಬಂಡಿಯೇ ಮುಂದೆ ಲೋಟಸ್ ಎಂಬ ಹೆಸರಿನ ಕಂಪನಿಗೆ ಮೊದಲ ಮೆಟ್ಟಿಲಾಯಿತು.

ಇಲ್ಲಿ ಅಂಥವರಿಗೆ ಏನಾಗುತ್ತದೆ? ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕುಶಲಕರ್ಮಿಯೊಬ್ಬರು ಗುಜರಿ ಸಾಮಾನಿನಿಂದ ಪುಟ್ಟ ಜೀಪೊಂದನ್ನು ಕಟ್ಟಿದ್ದು 2021ರ ಕೊನೆಯಲ್ಲಿ ದೇಶದ ಗಮನ ಸೆಳೆಯಿತು. ಅದು ನಿಯಮಕ್ಕೆ ಹೊಂದುವುದಿಲ್ಲವೆಂದು ಗೊತ್ತಿದ್ದ ಉದ್ಯಮಿ ಆನಂದ್ ಮಹೀಂದ್ರಾ ಅದಕ್ಕೆ ಬದಲಾಗಿ ಹೊಸ ಬೊಲೆರೊ ಕೊಡುವುದಾಗಿ ಹೇಳಿ, ಮಾತಿನಂತೆ ನಡೆದುಕೊಂಡರು. ಸಜ್ಜನಿಕೆಯ ಕೆಲಸವೇ. ಆದರೆ ಒಬ್ಬ ತಯಾರಕನಿಗೆ ಸಿಕ್ಕ ಬಹುಮಾನ, ಅವನು ಗ್ರಾಹಕನಾಗುವುದು! ಎಲ್ಲರಿಗೂ ಒಬ್ಬ ಉದ್ಯಮಿ ಸಿಗುವುದೂ ಇಲ್ಲ.

ಬಂಟ್ವಾಳ ತಾಲ್ಲೂಕಿನ ಕೃಷಿಕ ಗಣಪತಿ ಭಟ್ಟರು ರೂಪಿಸಿದ, ಪೆಟ್ರೋಲ್ ಎಂಜಿನ್ನಿನ ಬಲದಿಂದ ಅಡಿಕೆ ಮರ ಏರುವ ಯಂತ್ರ 2019ರಲ್ಲಿ ದೇಶದಾದ್ಯಂತ ಸುದ್ದಿಯಾಯಿತು. ಮರ ಏರುವ ಯಂತ್ರಕ್ಕೆ ನೋಂದಣಿ ಬೇಕಿಲ್ಲ, ಆದ್ದರಿಂದ ಅದು ಬೆಳೆಯಿತು. ಅಡಿಕೆ ಸುಲಿಯುವ ಯಂತ್ರಗಳೂ ಹಾಗೆಯೇ ಮಲೆನಾಡಿನ ಸಣ್ಣ ವರ್ಕ್‌ಶಾಪುಗಳಲ್ಲಿ ವರ್ಷದಿಂದ ವರ್ಷಕ್ಕೆ ತಿದ್ದಿಕೊಳ್ಳುತ್ತ ಬಂದವು. ಅದೇ ಕೈಗಳು ರಸ್ತೆಯ ಮೇಲೆ ಓಡುವ ವಸ್ತುವನ್ನು ಮುಟ್ಟಿದೊಡನೆ ಅಪರಾಧದ ಅಂಚಿಗೆ ಬರುತ್ತವೆ.

ಇದರ ಇನ್ನೊಂದು ಪರಿಣಾಮ ಅಪಾಯಕಾರಿಯಾದದ್ದು. ಕಾನೂನುಬದ್ಧ ಜಾಗವಿಲ್ಲದಿದ್ದಾಗ ಎಲ್ಲರಿಗೂ ಎಸ್ಟೇಟಿನ ಖಾಸಗಿ ರಸ್ತೆ ಸಿಗುವುದಿಲ್ಲ. ಹದಿನಾಲ್ಕು ಹಿಮ್ಮುರಿ ತಿರುವುಗಳ ಆಗುಂಬೆ ಘಾಟಿ, ಹುಲಿಕಲ್ಲಿನ ಇಳಿಜಾರು, 2025ರ ಜುಲೈನಲ್ಲಿ ತೆರೆದ ಸಿಗಂದೂರು ಸೇತುವೆಯ ಎರಡು ಕಿಲೋಮೀಟರಿಗೂ ಮಿಕ್ಕಿದ ನೇರ ಹಾದಿ, ಇವು ವೇಗದ ಹುಚ್ಚಿನವರನ್ನು ಕರೆಯದೇ ಇರುವುದಿಲ್ಲ. ಆ ದಾರಿಗಳಲ್ಲಿ ಬಸ್ಸುಗಳಿವೆ, ಶಾಲೆಯ ಮಕ್ಕಳಿದ್ದಾರೆ, ರಾತ್ರಿ ಕಾಡುಪ್ರಾಣಿಗಳು ದಾಟುತ್ತವೆ. ನನ್ನ ಅಕ್ಕನ ಮಗ ಮತ್ತು ಅವನ ಗೆಳೆಯರು ಆ ದಾರಿ ಹಿಡಿಯಲಿಲ್ಲ. ಹಿಡಿಯದವರಿಗೆ ವ್ಯವಸ್ಥೆ ಕೊಟ್ಟದ್ದೇನು? ಕಾರು ಇವತ್ತಿಗೂ ಕೊಟ್ಟಿಗೆಯಲ್ಲಿ ಟಾರ್ಪಾಲಿನ ಕೆಳಗಿದೆ. ಮೂವರಲ್ಲಿ ಒಬ್ಬ ಆಗಲೇ ಪುಣೆಯಲ್ಲಿ ಕೆಲಸ ಹುಡುಕುತ್ತಿದ್ದಾನೆ.

ಒಂದೇ ಒಂದು ವಾಹನವನ್ನು ಶಿಸ್ತಾಗಿ ಪರೀಕ್ಷಿಸುವ ಜ್ಞಾನ ನಮ್ಮಲ್ಲಿಲ್ಲ ಎನ್ನುವಂತಿಲ್ಲ. ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ‘ಅಶ್ವ’ ತಂಡ, ಮಣಿಪಾಲದ ‘ಫಾರ್ಮುಲಾ ಮಣಿಪಾಲ್’ ತಂಡಗಳ ವಿದ್ಯಾರ್ಥಿಗಳು ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಗಳಿಗೆ ವರ್ಷಗಳಿಂದ ಕಾರು ಕಟ್ಟುತ್ತಿದ್ದಾರೆ. ಆ ಸ್ಪರ್ಧೆಯಲ್ಲಿ ಪೆಟ್ರೋಲ್ ಎಂಜಿನ್ನಿಗೆ ಗಾಳಿಯೆಲ್ಲ 20 ಮಿಲಿಮೀಟರ್ ವ್ಯಾಸದ ಒಂದೇ ರಂಧ್ರದಿಂದ ಹೋಗಬೇಕೆಂಬ ನಿಯಮವಿದೆ. ಟರ್ಬೊ ಬಳಸಿದರೂ ಅದೇ ಮಿತಿ. ಕಾರನ್ನು 60 ಡಿಗ್ರಿ ವಾಲಿಸಿದಾಗಲೂ ಚಕ್ರಗಳು ಮೇಲೇಳಬಾರದು, ಬ್ರೇಕ್ ಒತ್ತಿದಾಗ ನಾಲ್ಕೂ ಚಕ್ರಗಳು ಹಿಡಿದು ನಿಲ್ಲಬೇಕು, ಸದ್ದು ಮಿತಿ ದಾಟಬಾರದು. ಇಷ್ಟನ್ನೂ ಅನುಭವಿ ಎಂಜಿನಿಯರುಗಳು ಸ್ಪರ್ಧೆಯ ಅಂಗಳದಲ್ಲೇ ಪರೀಕ್ಷಿಸಿ ಚೀಟಿ ಅಂಟಿಸುತ್ತಾರೆ. ಚೀಟಿಯಿಲ್ಲದ ಕಾರು ಸ್ಪರ್ಧೆಯ ಟ್ರ್ಯಾಕಿಗೆ ಇಳಿಯುವಂತಿಲ್ಲ. ಕಾಲೇಜಿನ ಹೊಸ್ತಿಲ ಒಳಗೆ ಸಾಧ್ಯವಾದದ್ದು ಹೊರಗೆ ಅಸಾಧ್ಯವಾಗಬೇಕಿಲ್ಲ.

ಕರ್ನಾಟಕಕ್ಕೆ ಈ ವಿಷಯದಲ್ಲಿ ಚರಿತ್ರೆಯ ಹೊಣೆಯೂ ಇದೆ. 1930ರ ದಶಕದಲ್ಲೇ ಭಾರತದಲ್ಲಿ ಮೋಟಾರು ಕಾರು ತಯಾರಿಸಬೇಕೆಂದು ಯೋಜನೆ ಹಾಕಿದವರು ಸರ್ ಎಂ. ವಿಶ್ವೇಶ್ವರಯ್ಯ. ವಾಲ್‌ಚಂದ್ ಹೀರಾಚಂದರೊಡನೆ ಅದನ್ನು ಸಾಧಿಸಲು ಮೈಸೂರು ಸಂಸ್ಥಾನ ಆಸಕ್ತಿ ತೋರಿದರೂ ಬ್ರಿಟಿಷ್ ಸರ್ಕಾರದ ಸಮ್ಮತಿ ದೊರೆಯಲಿಲ್ಲ. ಅರವತ್ತು ವರ್ಷಗಳ ಬಳಿಕ ಬೆಂಗಳೂರಿನ ಚೇತನ್ ಮೈನಿ, ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದಾಗ ಸೌರ ಕಾರಿನ ತಂಡದಲ್ಲಿ ದುಡಿದ ಅನುಭವವನ್ನು ಊರಿಗೆ ತಂದರು. 2001ರಲ್ಲಿ ರೇವಾ ವಿದ್ಯುತ್ ಕಾರು ಬೆಂಗಳೂರಿನಲ್ಲಿ ರಸ್ತೆಗಿಳಿಯಿತು. ಲಂಡನ್ನಿನಲ್ಲಿ ಅದು ಜಿ-ವಿಜ್ ಎಂಬ ಹೆಸರಿನಿಂದ, ಕಾರಿನ ವರ್ಗದಲ್ಲಲ್ಲ, ಕ್ವಾಡ್ರಿಸೈಕಲ್ ವರ್ಗದಲ್ಲಿ ಓಡಿತು. ಆ ವರ್ಗಕ್ಕೆ ಕಾರುಗಳ ಘರ್ಷಣೆ ಪರೀಕ್ಷೆ ಅನ್ವಯಿಸುತ್ತಿರಲಿಲ್ಲ. 2007ರಲ್ಲಿ ಅದರ ಸುರಕ್ಷತೆಯ ಬಗ್ಗೆ ಅಲ್ಲಿ ಕಟು ಟೀಕೆ ಎದ್ದಿತು. ಇದರಲ್ಲಿ ಎರಡು ಪಾಠಗಳಿವೆ. ಬಾಗಿಲಿದ್ದರೆ ಬೆಂಗಳೂರಿನ ವಸ್ತು ಲಂಡನ್ನಿಗೂ ಹೋಗುತ್ತದೆ. ಬಾಗಿಲಲ್ಲಿ ಸಾಕಷ್ಟು ಪರೀಕ್ಷೆಯಿಲ್ಲದಿದ್ದರೆ ಹೆಸರು ಕೆಡುತ್ತದೆ.

ಆದ್ದರಿಂದ ನನ್ನ ಸಲಹೆ ಬಾಗಿಲು ತೆರೆಯಿರಿ ಎಂಬುದಷ್ಟೇ ಅಲ್ಲ, ಬಾಗಿಲಲ್ಲಿ ಕಾವಲುಗಾರನನ್ನೂ ಇಡಿ ಎಂಬುದು. ಏಕವಾಹನ ಅನುಮೋದನೆ ಎಂಬ ಪ್ರತ್ಯೇಕ ವರ್ಗ ಬರಲಿ. ಕಟ್ಟುವವನು ಕೆಲಸಕ್ಕೆ ಮೊದಲೇ ನಕ್ಷೆಯೊಡನೆ ಅರ್ಜಿ ಹಾಕಲಿ. ಚಾಸಿಗೆ ಬಣ್ಣ ಬಳಿಯುವ ಮುನ್ನ, ವೆಲ್ಡಿಂಗ್ ಕಣ್ಣಿಗೆ ಕಾಣುವಾಗ ಒಂದು ತಪಾಸಣೆ, ಕಾರು ಮುಗಿದ ಮೇಲೆ ಇನ್ನೊಂದು ನಡೆಯಲಿ. ಎಂಜಿನ್ ಯಾವ ನೋಂದಾಯಿತ ವಾಹನದಿಂದ ಬಂತೆಂಬ ದಾಖಲೆ ಕಡ್ಡಾಯವಾಗಲಿ. ಬಾಡಿಗೆಗೆ ಓಡಿಸುವಂತಿಲ್ಲ, ಹಲವು ವರ್ಷ ಮಾರುವಂತಿಲ್ಲ, ವಿಮೆಯಿಲ್ಲದೆ ಹೊರಡುವಂತಿಲ್ಲ ಎಂಬ ಷರತ್ತುಗಳಿರಲಿ. ನಂಬರ್ ಪ್ಲೇಟು ಬೇರೆ ಸರಣಿಯದಾಗಿರಲಿ, ಎದುರು ಬರುವವರಿಗೂ ಗೊತ್ತಾಗಲಿ.

ಇದಕ್ಕೆ ಹೊಸ ಸಂಸ್ಥೆಗಳನ್ನು ಕಟ್ಟಬೇಕಿಲ್ಲ. ಸ್ವಯಂಚಾಲಿತ ವಾಹನ ಪರೀಕ್ಷಾ ಕೇಂದ್ರಗಳಿಗೆ ಕೇಂದ್ರ ಸರ್ಕಾರ 2021ರಲ್ಲೇ ನಿಯಮ ರೂಪಿಸಿದೆ. ಲಾರಿಯ ಬ್ರೇಕನ್ನೂ ಹೊಗೆಯನ್ನೂ ಅಳೆಯುವ ಯಂತ್ರಗಳು ಮನೆಯಲ್ಲಿ ಕಟ್ಟಿದ ಕಾರನ್ನೂ ಅಳೆಯಬಲ್ಲವು. ಶಿವಮೊಗ್ಗದ ಜೆ.ಎನ್.ಎನ್. ಕಾಲೇಜು, ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿನಂಥ ಹಳೆಯ ಸಂಸ್ಥೆಗಳ ಮೆಕ್ಯಾನಿಕಲ್ ವಿಭಾಗಗಳನ್ನು ವೆಲ್ಡಿಂಗ್ ಹಾಗೂ ವಿನ್ಯಾಸದ ಪರಿಶೀಲನೆಗೆ ಗೊತ್ತುಪಡಿಸಬಹುದು. ತಿಂಗಳಿಗೊಂದು ದಿನ, ಮುಚ್ಚಿದ ಮೈದಾನದಲ್ಲಿ, ಆಂಬುಲೆನ್ಸ್ ಮತ್ತು ಅಧಿಕಾರಿಯ ಸಮ್ಮುಖದಲ್ಲಿ ಪರೀಕ್ಷಾ ಚಾಲನೆಗೆ ಅವಕಾಶ ಕೊಡಬಹುದು. ಮೂಲ ನಿಯಮ ದೆಹಲಿಯಲ್ಲೇ ಬದಲಾಗಬೇಕೆಂಬುದು ಸರಿ. ಆದರೆ ಕಾಯ್ದೆಯ 110ನೇ ಸೆಕ್ಷನ್ನಿನ ಮೂರನೆಯ ಉಪಸೆಕ್ಷನ್, ಕೇಂದ್ರ ವಿಧಿಸುವ ಷರತ್ತುಗಳಿಗೆ ಒಳಪಟ್ಟು, ತಯಾರಿಕೆಗೆ ಸಂಬಂಧಿಸಿದ ನಿಯಮಗಳಿಂದ ಯಾವುದೇ ವಾಹನಕ್ಕೆ ವಿನಾಯಿತಿ ನೀಡುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೂ ಕೊಟ್ಟಿದೆ. ಕರ್ನಾಟಕವು ಆ ದಾರಿಯಲ್ಲಿ ಒಂದು ಪ್ರಾಯೋಗಿಕ ಯೋಜನೆಯನ್ನು ಮುಂದಿಟ್ಟು ಕೇಂದ್ರದ ಒಪ್ಪಿಗೆ ಕೇಳಲು ಅಡ್ಡಿಯೇನಿದೆ?

ಆಕ್ಷೇಪಗಳು ಬರುತ್ತವೆ. ವಿದ್ಯುತ್ ವಾಹನಗಳ ಈ ಕಾಲದಲ್ಲಿ ಪೆಟ್ರೋಲಿನ ಕ್ರೀಡಾ ಕಾರು ಯಾಕೆ ಎಂದು ಕೇಳಬಹುದು. ಬ್ರೇಕು, ಚಾಸಿ, ಸಸ್ಪೆನ್ಷನ್ನುಗಳನ್ನು ಕಲಿತ ಕೈ ನಾಳೆ ಬ್ಯಾಟರಿಯ ಕಾರನ್ನೂ ಕಟ್ಟುತ್ತದೆ. ಇವತ್ತು ಕಲಿಯಲು ಬಿಡದಿದ್ದರೆ ಅದನ್ನೂ ಕಟ್ಟಲಾರದು. ಹಣವಂತರ ಮಕ್ಕಳು ಇದನ್ನು ದುರುಪಯೋಗ ಮಾಡಿಕೊಂಡಾರೆಂದು ಹೇಳಬಹುದು. ಹಣವಂತರ ಮಕ್ಕಳಿಗೆ ಆಮದಿನ ಕಾರು ಈಗಲೇ ಸಿಗುತ್ತದೆ. ಕೊಟ್ಟಿಗೆಯಲ್ಲಿ ಎರಡು ವರ್ಷ ಬೆವರಿಳಿಸುವ ಅಗತ್ಯ ಅವರಿಗಿಲ್ಲ. ನಮ್ಮ ಅಧಿಕಾರಿಗಳ ಕೈಗೆ ಇನ್ನೊಂದು ಪ್ರಮಾಣಪತ್ರದ ಅಧಿಕಾರ ಕೊಟ್ಟರೆ ಲಂಚಕ್ಕೆ ಇನ್ನೊಂದು ಕಿಟಕಿ ತೆರೆದಂತೆ ಎಂಬ ಆಕ್ಷೇಪ ಮಾತ್ರ ಗಂಭೀರವಾದದ್ದು. ಅದಕ್ಕಾಗಿಯೇ ಅಳತೆ ಯಂತ್ರದ್ದಾಗಿರಬೇಕು, ವಿನ್ಯಾಸದ ಪರಿಶೀಲನೆ ಕಾಲೇಜಿನದ್ದಾಗಿರಬೇಕು, ತಿರಸ್ಕರಿಸಿದರೆ ಕಾರಣ ಬರಹದಲ್ಲಿರಬೇಕು ಎನ್ನುತ್ತಿದ್ದೇನೆ.

ಆ ಮೂವರ ಕಾರು ಇಂಥ ಪರೀಕ್ಷೆಯಲ್ಲಿ ಪಾಸಾಗುತ್ತದೆ ಎಂದು ನಾನು ಭರವಸೆ ಕೊಡಲಾರೆ. ಸೀಟ್ ಬೆಲ್ಟಿನ ಕೊಂಡಿಗಳ ಬಗ್ಗೆ ನನಗೆ ಈಗಲೂ ಅನುಮಾನವಿದೆ, ಅವರಿಗೂ ಇದೆ. ನಪಾಸಾದರೆ ಆಗಲಿ. ನಪಾಸು ಮಾಡಿದ ಪರೀಕ್ಷಕ ತಪ್ಪೆಲ್ಲಿದೆಯೆಂದು ತೋರಿಸುತ್ತಾನೆ, ಕಟ್ಟಿದವರು ಕಲಿಯುತ್ತಾರೆ. ಪರೀಕ್ಷೆಯನ್ನೇ ನಡೆಸದ ವ್ಯವಸ್ಥೆಯಿಂದ ಕಲಿಯುವುದು ಒಂದೇ ಪಾಠ: ಇಲ್ಲಿ ಏನನ್ನೂ ಕಟ್ಟಲು ಹೋಗಬೇಡ, ಕೊಂಡುಕೊ. ಆ ಪಾಠವನ್ನು ನಮ್ಮ ಮಕ್ಕಳು ಪೂರ್ತಿ ಕಲಿತುಬಿಡುವ ಮೊದಲು ಯಾರಾದರೊಬ್ಬರು ಅವರ ಅರ್ಜಿಗೆ ಉತ್ತರ ಬರೆಯಬೇಕಾಗಿದೆ.